ಪಾಳು ಕಟ್ಟಡದಲ್ಲಿ ಬಟ್ಟೆ ಒಗೆಯುವವರು

ಫ್ರೆಂಚ್ ಚಿತ್ರಕಾರ ಯುಬೇರ್ ರೊಬೇರ್ 1766ರಲ್ಲಿ ಪ್ಯಾರಿಸ್ಸಿನ ರಾಜಾಶ್ರಯದ ಕಲಾ ಅಕಾಡೆಮಿಗೆ ಸದಸ್ಯನಾದ. ಆಗ ಅವನು ಒಪ್ಪಿಸಿದ ಚಿತ್ರದಲ್ಲಿ ರೋಮಿನ ಪ್ರಾಚೀನ ದೇಗುಲ ಪ್ಯಾಂಥಿಯನ್ ಟೈಬರ್ ನದಿಯ ದಡಕ್ಕೆ ಬಂದು, ರಿಪೆತ್ತಾ ಬಂದರಿನ ಮೆಟ್ಟಿಲುಗಳ ಮೇಲೆ ನಿಂತಿದೆ. ನಿಜವಾದ ಪ್ಯಾಂಥಿಯನ್ ಇರುವುದು ಊರೊಳಗೆ, ನದಿಯಿಂದ ದೂರ. ಅದಕ್ಕೂ ಸುಮಾರು ನೂರಮೂವತ್ತು ವರ್ಷ ಮೊದಲು ಚಿತ್ರಕಾರ ಕ್ಲೋಡ್ ಲೊರೇನ್ ರೋಮಿನ ಗುಡ್ಡದ ಮೇಲಿನ ವಿಲ್ಲಾ ಮೆಡಿಚಿಯನ್ನು ಇಳಿಸಿ ತಂದು ಸಮುದ್ರದ ಬಂದರಿನಲ್ಲಿ ಇಟ್ಟಿದ್ದ. ಹೀಗೆ ಕಂಬ, ಕಮಾನು, ಗುಮ್ಮಟಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿದ ಚಿತ್ರ ಸುಳ್ಳೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕಟ್ಟಡ ಎಲ್ಲಿತ್ತು ಎಂದು ತಿಳಿಯಲು ನಕ್ಷೆ ಸಾಕು. ಈ ಚಿತ್ರಗಳ ಮುಂದೆ ನಾವು ನಿಲ್ಲುವುದು ಒಂದು ನಾಗರಿಕತೆ ಹೋದ ಮೇಲೆ ಏನು ಉಳಿಯುತ್ತದೆ ಎಂದು ಯೋಚಿಸಲಿಕ್ಕೆ. ಆ ಯೋಚನೆಗೆ ಪ್ಯಾಂಥಿಯನ್ ಯಾವ ಬೀದಿಯಲ್ಲಿದೆ ಎನ್ನುವುದು ಮುಖ್ಯವಲ್ಲ.

ಸುಳ್ಳು ನುಸುಳುವುದು ಇನ್ನೊಂದು ಕಡೆಯಿಂದ. ಈ ಚಿತ್ರಗಳಲ್ಲಿ ಎಲ್ಲವನ್ನೂ ಕೆಡವಿದವನು ಕಾಲಪುರುಷ ಒಬ್ಬನೇ. ಗೋಡೆಯ ಬಿರುಕಿನಲ್ಲಿ ಬಳ್ಳಿ, ಮುರಿದ ಕಮಾನಿನಾಚೆ ಸಂಜೆಯ ಹೊಂಬಿಸಿಲು. ಯಾರ ಮೇಲೂ ದೂರಿಲ್ಲ. ರೋಮಿನ ಕಥೆ ಹಾಗಿರಲಿಲ್ಲ. 1349ರ ಭೂಕಂಪದಲ್ಲಿ ಕೊಲೊಸಿಯಮ್ಮಿನ ಒಂದು ಪಾರ್ಶ್ವ ಕುಸಿಯಿತು, ನಿಜ. ಬಿದ್ದ ಕಲ್ಲನ್ನು ಶತಮಾನಗಳ ಕಾಲ ಹೊತ್ತು ಸಾಗಿಸಿ ಅರಮನೆ, ಚರ್ಚು ಕಟ್ಟಿಕೊಂಡವರು ಮಾತ್ರ ಮನುಷ್ಯರೇ. ಪ್ಯಾಂಥಿಯನ್ನಿನ ಮುಖಮಂಟಪದ ಕಂಚನ್ನು ಕಿತ್ತುಕೊಂಡದ್ದು ಹದಿನೇಳನೇ ಶತಮಾನದ ಪೋಪ್ ಎಂಟನೇ ಅರ್ಬನ್. ಹಾಳು ಮಾಡಿದ ಕೈಯನ್ನು ಮರೆಸಿ ಹಾಳಿನ ಚೆಲುವನ್ನಷ್ಟೇ ತೋರಿಸುವ ಚಿತ್ರ ನಮ್ಮನ್ನು ಸುಖವಾದ ವಿಷಾದಕ್ಕೆ ಒಗ್ಗಿಸುತ್ತದೆ. ಆ ಸುಖದ ಬಗ್ಗೆ ನನಗೆ ಅನುಮಾನವಿದೆ.

ರೊಬೇರ್‌ನನ್ನು ಈ ಆಪಾದನೆಯಿಂದ ಬಹುಮಟ್ಟಿಗೆ ಉಳಿಸುವವರು ಅವನ ಚಿತ್ರದ ಸಣ್ಣ ಜನ. 1754ರಿಂದ ಹನ್ನೊಂದು ವರ್ಷ ಇಟಲಿಯಲ್ಲಿದ್ದ ಅವನು ಪಿರನೇಸಿ, ಪನ್ನೀನಿಯಂಥ ಕಲಾವಿದರಿಂದ ಪಾಳಿನ ಭವ್ಯತೆಯನ್ನು ಕಲಿತ. ಆದರೆ ಅವನ ಮಹಾ ಕಮಾನುಗಳ ಅಡಿಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ದೇವತಾವಿಗ್ರಹದ ಪಕ್ಕದಲ್ಲೇ ಹಗ್ಗ ಕಟ್ಟಿ ಒಣಹಾಕುತ್ತಾರೆ, ದನಗಳಿಗೆ ನೀರು ಕುಡಿಸುತ್ತಾರೆ. ಸೀಸರನ ಹೆಸರು ಅವರಿಗೆ ಬೇಕಿಲ್ಲ. ನೆರಳು ಬೇಕು, ನೀರು ಬೇಕು. 1767ರ ಸಲೋನ್ ಪ್ರದರ್ಶನದ ಬಗ್ಗೆ ಬರೆಯುತ್ತ ಫ್ರೆಂಚ್ ಚಿಂತಕ ದಿದೆರೋ ಈ ಚಿತ್ರಗಳನ್ನು ಮನಸಾರೆ ಮೆಚ್ಚಿದ, ಪಾಳಿಗೂ ಒಂದು ಕಾವ್ಯಮೀಮಾಂಸೆ ಇದೆ ಎಂದ. ಜೊತೆಗೆ ಒಂದು ತಕರಾರನ್ನೂ ಎತ್ತಿದ: ಜನ ಹೆಚ್ಚಾದರು, ಬಹುಪಾಲು ಅಳಿಸಿಹಾಕು, ಏಕಾಂತ ಮತ್ತು ಮೌನವನ್ನು ಹೆಚ್ಚಿಸುವಷ್ಟು ಜನ ಇದ್ದರೆ ಸಾಕು. ದಿದೆರೋ ದೊಡ್ಡವನು, ಈ ಮಾತಿನಲ್ಲಿ ಮಾತ್ರ ಅವನು ತಪ್ಪಿದ ಎಂದೇ ನನ್ನ ವಾದ. ಅವನಿಗೆ ಬೇಕಿದ್ದದ್ದು ತಾನೊಬ್ಬನೇ ಕೂತು ಸಾವನ್ನು ಧ್ಯಾನಿಸುವ ಜಾಗ. ಆ ಒಗೆಯುವವಳನ್ನು ತೆಗೆದರೆ ಉಳಿಯುವುದು ನೋಡುಗನ ಭಾವ ಮಾತ್ರ. ಸಾಮ್ರಾಜ್ಯ ಬಿದ್ದ ಮೇಲೂ ಬದುಕು ನಡೆದೇ ಇತ್ತೆಂಬ ಸಂಗತಿ ಚಿತ್ರದಿಂದ ಹೊರಟುಹೋಗುತ್ತದೆ.

ಕೆಡವುವ ಕೈಯೂ ರೊಬೇರ್‌ನ ಎದುರಿಗೇ ಬಂತು. ಫ್ರೆಂಚ್ ಕ್ರಾಂತಿಯ ಆರಂಭದಲ್ಲಿ, 1789ರ ಜುಲೈಯಲ್ಲಿ, ಜನ ಪ್ಯಾರಿಸ್ಸಿನ ಬಾಸ್ತಿಯ್ ಕೋಟೆಯನ್ನು ಒಡೆಯತೊಡಗಿದಾಗ ಅವನು ಅದನ್ನು ಚಿತ್ರಿಸಿದ: ಕಪ್ಪಗೆ ನಿಂತ ಗೋಡೆ, ತುದಿಯಲ್ಲಿ ಇರುವೆಗಳಂತೆ ಕೆಲಸಗಾರರು, ಕೆಳಗುರುಳುವ ಕಲ್ಲು. ಇಲ್ಲಿ ಬಳ್ಳಿಗೆ ಹಬ್ಬಲು ಪುರುಸೊತ್ತಿಲ್ಲ. 1793ರಲ್ಲಿ ಕ್ರಾಂತಿಯ ಸರ್ಕಾರ ಅವನನ್ನೇ ಸೆರೆಗೆ ಹಾಕಿತು. ಸೆರೆಮನೆಯಲ್ಲಿ ಊಟದ ತಟ್ಟೆಗಳ ಮೇಲೂ ಅವನು ಚಿತ್ರ ಬರೆದ.

ಹೊರಬಂದವನಿಗೆ ಲೂವ್ರ್ ಮ್ಯೂಸಿಯಂ ರೂಪಿಸುವ ಕೆಲಸ ಸಿಕ್ಕಿತು. 1796ರಲ್ಲಿ ಅವನು ಅದರ ಮಹಾ ಗ್ಯಾಲರಿಯ ಎರಡು ಚಿತ್ರಗಳನ್ನು ಪ್ರದರ್ಶಿಸಿದ. ಒಂದರಲ್ಲಿ ಗ್ಯಾಲರಿ ಹೇಗಿರಬೇಕು ಎಂಬ ಯೋಜನೆ: ಚಾವಣಿಯಲ್ಲಿ ಗವಾಕ್ಷಿಗಳು, ಮೇಲಿನಿಂದ ಬೆಳಕು. ಇನ್ನೊಂದರಲ್ಲಿ ಅದೇ ಗ್ಯಾಲರಿ ಪಾಳು ಬಿದ್ದಿದೆ. ಚಾವಣಿ ಕುಸಿದು ಬೆಳಕು ಆಗಲೂ ಮೇಲಿನಿಂದಲೇ ಬರುತ್ತಿದೆ. ತಾನು ಕಟ್ಟುತ್ತಿರುವುದನ್ನೇ ಬಿದ್ದದ್ದಾಗಿ ನೋಡುವ ಧೈರ್ಯ ಎಷ್ಟು ಜನರಿಗಿದ್ದೀತು? ಸೂರಿಲ್ಲದ ಆ ಮೊಗಸಾಲೆಯಲ್ಲಿ ವ್ಯಾಟಿಕನ್ನಿನ ಪ್ರಸಿದ್ಧ ಅಪೊಲೊ ವಿಗ್ರಹ ಮುರಿಯದೆ ನಿಂತಿದೆ. ವಿಚಿತ್ರವೆಂದರೆ ಆ ವರ್ಷ ಅದು ಇನ್ನೂ ರೋಮಿನಲ್ಲೇ ಇತ್ತು. ನೆಪೋಲಿಯನ್ನನ ಸೇನೆ ಇಟಲಿಗೆ ಇಳಿದು, ಪೋಪನಿಂದ ನೂರು ಕಲಾಕೃತಿಗಳನ್ನು ಬರೆಸಿಕೊಂಡದ್ದು ಆಗಷ್ಟೆ. ವಿಗ್ರಹ ಪ್ಯಾರಿಸ್ಸಿಗೆ ಮೆರವಣಿಗೆಯಲ್ಲಿ ಬಂದದ್ದು 1798ರಲ್ಲಿ, ಹಿಂದಿರುಗಿದ್ದು ನೆಪೋಲಿಯನ್ ಸೋತ ಮೇಲೆ. ಹಾಗಾಗಿ ಈ ಕಾಲ್ಪನಿಕ ಪಾಳಿನಲ್ಲಿ ಕಾಲದ ಕೈಯ ಜೊತೆ ದೋಚುವ ಕೈಯೂ ಇದೆ, ಚಿತ್ರಕಾರ ಅದನ್ನು ಬಯಸಿದ್ದನೋ ಇಲ್ಲವೋ. ಅಪೊಲೊನ ಬುಡದಲ್ಲಿ ಒಬ್ಬ ಕಲಾವಿದ ಕೂತು ಅದರ ನಕಲು ಬರೆಯುತ್ತಿದ್ದಾನೆ. ದಿದೆರೋ ಬದುಕಿದ್ದರೆ ಅವನೊಬ್ಬನನ್ನು ಇಟ್ಟುಕೊಂಡು ಸುತ್ತಲಿನ ಉಳಿದ ಸಣ್ಣ ಜನರನ್ನೆಲ್ಲ ಅಳಿಸಲು ಹೇಳುತ್ತಿದ್ದನೋ ಏನೋ. ರೊಬೇರ್ ಈ ಸಲವೂ ಅವರನ್ನು ಉಳಿಸಿಕೊಂಡ.