ಯಾರ ದೂರು ಬೇಗ ಕೇಳಿಸುತ್ತದೆ?

'ಅಳುವ ಮಗುವಿಗೇ ಹಾಲು' ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಅಳುವ ಮಕ್ಕಳಿಗೆಲ್ಲ ಹಾಲು ಒಂದೇ ಹೊತ್ತಿಗೆ ಸಿಗುತ್ತದೆಯೇ? ಇಲ್ಲವೆಂಬುದಕ್ಕೆ ಒಂದೇ ತಂಪು ಪಾನೀಯದ ಎರಡು ಕಥೆಗಳು ಸಾಕ್ಷಿಯಾಗಿವೆ.

ಮೊದಲನೆಯದು ಅಮೇರಿಕದ್ದು. ಪೆಪ್ಸಿಯ ಪೈಪೋಟಿಗೆ ಅಂಜಿದ ಕೋಕಾ-ಕೋಲಾ ಕಂಪೆನಿಯು ತನ್ನ ಪಾನೀಯದ ರುಚಿಯನ್ನೇ ಬದಲಿಸಲು ಹೊರಟಿತು. ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ ನೋಡಿದಾಗ ಹೆಚ್ಚಿನವರು ಹೊಸ ರುಚಿಯನ್ನೇ ಮೆಚ್ಚಿದರು. 1985ರ ಏಪ್ರಿಲ್ 23ರಂದು ಹೊಸ ಪಾನೀಯದ ಘೋಷಣೆಯಾಯಿತು; ಹಳೆಯದರ ತಯಾರಿ ನಿಂತಿತು. ಜನರು ಕೆರಳಿದರು. ಜೂನ್ ತಿಂಗಳಲ್ಲಿ ಕಂಪೆನಿಗೆ ದಿನವೊಂದಕ್ಕೆ ಸುಮಾರು 1,500 ದೂರವಾಣಿ ಕರೆಗಳು ಬರುತ್ತಿದ್ದವು. ಕೆಲವರು ಹಳೆಯ ಬಾಟಲಿಗಳನ್ನು ಮನೆಯಲ್ಲಿ ಕೂಡಿಟ್ಟರು. ಕೊನೆಗೆ ಜುಲೈ 11ರಂದು ಹಳೆಯ ಪಾನೀಯ ಮರಳಿ ಬರುವುದೆಂದು ಕಂಪೆನಿ ಸಾರಿತು. ಈ ಸುದ್ದಿಯನ್ನು ತಿಳಿಸಲು ಟೆಲಿವಿಷನ್ ಧಾರಾವಾಹಿಯೊಂದನ್ನೇ ನಡುವೆ ನಿಲ್ಲಿಸಿದರಂತೆ! ಜನರಿಗೆ ಹಳೆಯದರ ಮೇಲಿದ್ದ ಪ್ರೀತಿಯನ್ನು ಯಾವ ಪರೀಕ್ಷೆಯೂ ಅಳೆಯಲಿಲ್ಲವೆಂದು ಕಂಪೆನಿಯ ಹಿರಿಯರೇ ಒಪ್ಪಿಕೊಂಡರು. ಎಲ್ಲಕ್ಕೂ ಹಿಡಿದದ್ದು 79 ದಿನ.

ಎರಡನೆಯದು ನಮ್ಮ ಕೇರಳದ್ದೇ. ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ 2000ದಲ್ಲಿ ಅದೇ ಪಾನೀಯದ ಕಾರ್ಖಾನೆ ಆರಂಭವಾಯಿತು. ಬಾವಿಗಳ ನೀರು ಇಳಿಯಿತು, ಉಳಿದ ನೀರು ಕುಡಿಯಲು ಬಾರದಂತಾಯಿತು ಎಂದು ಊರವರು ದೂರಿದರು. ಕಂಪೆನಿ ಒಪ್ಪಲಿಲ್ಲ. 2002ರ ಏಪ್ರಿಲ್ 22ರಂದು ಮಯಿಲಮ್ಮನಂತಹ ಆದಿವಾಸಿ ಹೆಂಗಸರು ಮುಂದಾಗಿ ಕಾರ್ಖಾನೆಯ ಎದುರು ಸತ್ಯಾಗ್ರಹ ಹೂಡಿದರು. ಕಾರ್ಖಾನೆ ನಿಂತದ್ದು 2004ರ ಮಾರ್ಚಿನಲ್ಲಿ. ಸರಕಾರದ ಉನ್ನತ ಸಮಿತಿಯು 2010ರಲ್ಲಿ ನಷ್ಟವನ್ನು 216.26 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಪರಿಹಾರದ ನ್ಯಾಯಮಂಡಳಿಗಾಗಿ 2011ರಲ್ಲಿ ವಿಧಾನಸಭೆ ಮಸೂದೆಯನ್ನು ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲ. ಮಯಿಲಮ್ಮ 2007ರಲ್ಲೇ ತೀರಿಕೊಂಡಿದ್ದರು.

ಪಾನೀಯದ ರುಚಿಯನ್ನು ಬದಲಿಸುವುದು ಸುಲಭ, ನೆಲದಡಿಯ ನೀರಿನ ವಿಚಾರಣೆಗೆ ಕಾಲ ಬೇಕು ಎಂದು ಕೆಲವರು ಹೇಳಬಹುದು. ಅದು ನಿಜವೇ. ಆದರೆ ವರದಿ ಬಂದ ಮೇಲಿನ ವಿಳಂಬಕ್ಕೆ ಏನೆನ್ನೋಣ? ನಮಗೆ ತೋರುವ ಕಾರಣ ಬೇರೆ. ಅಮೇರಿಕದಲ್ಲಿ ದೂರಿದವರು ಗಿರಾಕಿಗಳು. ಅವರು ಮುನಿದರೆ ವ್ಯಾಪಾರ ಕೆಡುತ್ತಿತ್ತು. ಪ್ಲಾಚಿಮಡದವರು ಬರಿಯ ನೆರೆಯವರು. ಒಬ್ಬರಿಗೆ ತಪ್ಪಿದ್ದು ನಾಲಗೆಯ ರುಚಿ, ಇನ್ನೊಬ್ಬರಿಗೆ ತಪ್ಪಿದ್ದು ಕುಡಿಯುವ ನೀರು. ಬೇಗ ಕೇಳಿಸಿದ್ದು ಮಾತ್ರ ಮೊದಲನೆಯವರ ದನಿ.

ಗಡಿನಾಡಿನ ಕನ್ನಡ ಶಾಲೆಯವರಾದ ನಮಗೆ ಇದು ದೂರದ ಮಾತಲ್ಲ. ನಾವು ಸಂಖ್ಯೆಯಲ್ಲಿ ಕೆಲವರೇ. ನಮ್ಮ ಮನವಿಗಳೂ ಮೇಜಿನಿಂದ ಮೇಜಿಗೆ ನಿಧಾನವಾಗಿಯೇ ಸಾಗುತ್ತವೆ. ಆದುದರಿಂದ ವಿದ್ಯಾರ್ಥಿ ಮಿತ್ರರೇ, ದೂರನ್ನು ಸ್ಪಷ್ಟವಾಗಿ ಬರೆಯಲು ಕಲಿಯೋಣ, ದಿನಾಂಕ ಹಾಕೋಣ, ಉತ್ತರ ಬರುವವರೆಗೆ ಬಿಡದಿರೋಣ. ಹೆತ್ತವರಲ್ಲೂ ಒಂದು ಬಿನ್ನಹ: ಮನೆಯಲ್ಲಿ, ಊರಿನಲ್ಲಿ ಮೆಲುದನಿಯವರು ಮಾತಾಡಿದಾಗ ಮೊದಲು ಕಿವಿಗೊಡಿರಿ. ನಾಳೆ ದೊಡ್ಡ ಹುದ್ದೆಯಲ್ಲಿ ಕುಳಿತಾಗ ನಮ್ಮ ಮಕ್ಕಳು ಕಲಿತದ್ದನ್ನೇ ಮಾಡುವರು.