ಕೇಬಲ್ ಕೀಳುವ ಮುನ್ನ

ಅಭ್ಯಾಸ ಬೋಧನೆಗೆ ಹೋಗುವ ನಾವು ಪೀಠಿಕೆ, ವಿಷಯ ನಿರೂಪಣೆ, ಮೌಲ್ಯಮಾಪನ ಎಂದು ನಿಮಿಷಗಳ ಲೆಕ್ಕ ಹಾಕಿ ಪಾಠಯೋಜನೆ ಬರೆಯುತ್ತೇವೆ. ಪ್ರೊಜೆಕ್ಟರಿನ ಚಿತ್ರವನ್ನು ಯಾವಾಗ, ಹೇಗೆ ಮರೆಮಾಡಬೇಕು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಹೀಗಾಗಿ ಚಿತ್ರ ತೋರಿಸಿದ ಕೂಡಲೇ ಹಲವರ ಕೈ ಕೇಬಲ್ ಕೀಳಲು ಹೋಗುತ್ತದೆ. ಸಾಧನಗಳನ್ನು ಸಾಫ್ಟ್‌ವೇರ್ ಮೂಲಕ ನಿಯಂತ್ರಿಸುವುದನ್ನೂ ಒಂದು ಬೋಧನಾ ಕೌಶಲವೆಂದು ನಾವು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲ ಕಾರಣ ತರಗತಿ ನಿರ್ವಹಣೆ. ಶಿಕ್ಷಕರು ಬೆನ್ನು ತಿರುಗಿಸಿ ಸಿಪಿಯು ಹಿಂದೆ ಬಗ್ಗಿದರೆ ಮಕ್ಕಳ ಗಮನ ಚದುರುತ್ತದೆ. ಪವರ್‌ಪಾಯಿಂಟ್ ಸ್ಲೈಡ್‌ಶೋ ನಡೆಯುವಾಗ ‘ಬಿ’ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಸ್ಲೈಡ್ ಮರಳುತ್ತದೆ. ವಿಂಡೋಸ್ ಕೀಲಿಯೊಂದಿಗೆ ‘ಪಿ’ ಒತ್ತಿದರೆ ಚಿತ್ರ ಕಂಪ್ಯೂಟರಿನಲ್ಲಿ ಮಾತ್ರ ಇರಲಿ ಎಂದು ಆರಿಸಬಹುದು. ಪ್ರಶ್ನೆ ಕೇಳುವ ಹೊತ್ತಿಗೆ ಪರದೆ ಕಪ್ಪಾದರೆ ಮಕ್ಕಳ ಕಣ್ಣು ಶಿಕ್ಷಕರ ಕಡೆ ತಿರುಗುತ್ತದೆ.

ಎರಡನೆಯದು ಉಪಕರಣಗಳ ಬಾಳಿಕೆ. ವಿಜಿಎ ಕೇಬಲ್ಲಿನ ತುದಿಯಲ್ಲಿ 15 ಪಿನ್‌ಗಳಿಗೆ ಜಾಗವಿದೆ. ಅವಸರದಲ್ಲಿ ಒಂದು ಬಾಗಿದರೂ ಬಣ್ಣ ಕೆಡಬಹುದು. ಫೈಲ್ ಬರೆಯುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತರೆ ಫೈಲ್ ಹಾಳಾಗಬಹುದು. ‘ಇಜೆಕ್ಟ್’ ಕೊಟ್ಟು ತೆಗೆಯಲು ಕೆಲವೇ ಸೆಕೆಂಡು ಸಾಕು. ಇಡೀ ಶಾಲೆಗೆ ಒಂದೇ ಪ್ರೊಜೆಕ್ಟರ್, ಒಂದೇ ಕೇಬಲ್ ಇರುವ ಕಡೆ ನಮ್ಮ ಅವಸರದ ಬೆಲೆ ತೆರುವವರು ಮುಂದಿನ ಪಿರಿಯಡ್ಡಿನ ಮಕ್ಕಳು.

ಮೂರನೆಯದು ನನಗೆ ಮುಖ್ಯವೆನಿಸಿದ್ದು. ಡಿವೈಸ್ ಮ್ಯಾನೇಜರ್ ತೆರೆದು ವೆಬ್‌ಕ್ಯಾಮೆರಾದ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಕೊಡಿ. ವೈರು ಇದ್ದಲ್ಲೇ ಇದೆ, ಕ್ಯಾಮೆರಾ ಕೆಲಸ ಮಾಡುವುದಿಲ್ಲ. “ಕ್ಯಾಮೆರಾ ಕೆಟ್ಟಿತೇ?” ಎಂದು ಮಕ್ಕಳನ್ನು ಕೇಳಿ. ಸಾಧನ ಮತ್ತು ಕಾರ್ಯಾಚರಣೆ ವ್ಯವಸ್ಥೆಯ ನಡುವೆ ಡ್ರೈವರ್ ಎಂಬ ತಂತ್ರಾಂಶವಿದೆ ಎಂಬುದು ಆ ಚರ್ಚೆಯಲ್ಲಿ ತಿಳಿದಷ್ಟು ಕಪ್ಪುಹಲಗೆಯ ವ್ಯಾಖ್ಯೆಯಿಂದ ತಿಳಿಯದು.

ವೈರು ಕೀಳುವುದೇ ಸುಲಭ, ಖಚಿತ ಎನ್ನುವವರಿದ್ದಾರೆ. ಆ ಮಾತಿನಲ್ಲೂ ಸತ್ಯವಿದೆ. ಸುಟ್ಟ ವಾಸನೆ ಬಂದರೆ ಮೌಸ್ ಹುಡುಕಬಾರದು, ಮೇನ್ ಸ್ವಿಚ್ ಆರಿಸಬೇಕು. ಸಾಫ್ಟ್‌ವೇರ್ ಮೂಲಕ ಮುಚ್ಚಿದ ಕ್ಯಾಮೆರಾವನ್ನು ಸಾಫ್ಟ್‌ವೇರ್ ಮೂಲಕವೇ ತೆರೆಯಬಹುದು. ಆದ್ದರಿಂದ ಮಕ್ಕಳ ಖಾಸಗಿತನದ ಪ್ರಶ್ನೆ ಬಂದಾಗ ಕ್ಯಾಮೆರಾ ಕಿತ್ತಿಡುವುದೇ ಸರಿ. ಎಲ್ಲಿ ಯಾವುದು ತಕ್ಕದ್ದು ಎಂಬ ವಿವೇಚನೆಯೂ ಈ ಕೌಶಲದ ಭಾಗವೇ.

ಡಿವೈಸ್ ಮ್ಯಾನೇಜರಿನಲ್ಲಿ ಬದಲಾವಣೆಗೆ ಅಡ್ಮಿನ್ ಅನುಮತಿ ಬೇಕು. ಕಂಪ್ಯೂಟರ್ ಶಿಕ್ಷಕರನ್ನು ಮೊದಲೇ ಕೇಳಿರಬೇಕು. ಇರುವ ಒಂದೇ ಮೌಸ್ ಅಥವಾ ಕೀಬೋರ್ಡನ್ನು ಡಿಸೇಬಲ್ ಮಾಡಬಾರದು. ಪಾಠ ಮುಗಿದ ಮೇಲೆ ‘ಎನೇಬಲ್’ ಮಾಡಿಯೇ ಹೊರಡಬೇಕು. ಇಲ್ಲವಾದರೆ ಸರಿಯಿರುವ ಸಾಧನ ರಿಪೇರಿಗೆ ಹೋದೀತು.

ನಮ್ಮ ಸೂಕ್ಷ್ಮ ಬೋಧನೆಯಲ್ಲಿ ಇದಕ್ಕೊಂದು ಅವಧಿ, ಪಾಠಯೋಜನೆಯಲ್ಲಿ ‘ಸಾಧನ ನಿಯಂತ್ರಣ’ ಎಂಬ ಒಂದು ಸಾಲು ಇರಲಿ. ಪ್ರಾಧ್ಯಾಪಕರು ಮತ್ತು ಸಹಪಾಠಿಗಳು ಈ ಸಲಹೆಯನ್ನು ಚರ್ಚಿಸಬೇಕೆಂದು ಕೋರುತ್ತೇನೆ.