ಹಳೆಯ ವಿದ್ಯಾರ್ಥಿಗಳ ಕ್ಷೇಮಸಮಾಚಾರ

ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಕೈಗೆತ್ತಿಕೊಂಡ ಹಳಬರು ಮೊದಲು ಓದುವುದು ಪ್ರಾಂಶುಪಾಲರ ವರದಿಯನ್ನಲ್ಲ. ವಿದ್ಯಾರ್ಥಿಕವಿಗಳ ಭಾವಗೀತೆಗಳನ್ನಂತೂ ಅಲ್ಲವೇ ಅಲ್ಲ. ಜಾಹೀರಾತುಗಳಿಗೆ ಕೊಂಚ ಮುಂಚೆ, ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ‘ಹಳೆಯ ವಿದ್ಯಾರ್ಥಿಗಳ ವಾರ್ತೆ’ ಎಂಬ ಪುಟವನ್ನು. ತಮ್ಮ ವರ್ಷದವರ ಹೆಸರು ಯಾವುದಾದರೂ ಇದೆಯೇ ಎಂದು ಕಣ್ಣು ಅಲ್ಲಿ ಓಡುತ್ತದೆ. ಇಂಥವರು ಬಡ್ತಿ ಪಡೆದು ಮುಖ್ಯ ಇಂಜಿನಿಯರಾಗಿದ್ದಾರೆ. ಇಂಥವರು ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಿದ್ದಾರೆ. ಇಂಥವರ ವಿವಾಹ ನೆರವೇರಿತು. ಇಂಥವರು ನಿವೃತ್ತರಾಗಿ ಮೈಸೂರಿನಲ್ಲಿ ನೆಲಸಿದ್ದಾರೆ. ಓದಿದವರಿಗೆ ಸಂತೋಷವಾಗುತ್ತದೆ, ಜೊತೆಗೇ ಒಂದು ಸಣ್ಣ ಮುಳ್ಳೂ ಚುಚ್ಚುತ್ತದೆ. ಪಕ್ಕದ ಬೆಂಚಿನವನು ಮುಖ್ಯ ಇಂಜಿನಿಯರಾದದ್ದು ಒಳ್ಳೆಯದೇ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಅವನಿಗೆ ಲೆಕ್ಕ ಹೇಳಿಕೊಟ್ಟವರು ಯಾರು?

ಹಿಂದಿನ ಕಾಲದ ಕನ್ನಡ ಕಾಗದಗಳಿಗೆ ಒಂದು ಕ್ರಮವಿತ್ತು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಎರಡು ಕಡೆಯ ಕ್ಷೇಮವನ್ನೂ ಒಂದೇ ಉಸಿರಿನಲ್ಲಿ ಮುಗಿಸಿ, ಅನಂತರ ಬರೆಯುವವನು ವಿಷಯಕ್ಕೆ ಬರುತ್ತಿದ್ದನು. ಹಳೆಯ ವಿದ್ಯಾರ್ಥಿಗಳ ವಾರ್ತೆಯಲ್ಲಿ ಕುಶಲವೂ ಇಲ್ಲ, ಅದರ ಮೇಲಿನ ವಿಷಯವೂ ಇಲ್ಲ. ಉಳಿದಿರುವುದು ಹುದ್ದೆ ಮತ್ತು ವಿಳಾಸ. ಈಗ ಅದೇ ವಾರ್ತೆ ಅಂಗೈಯಲ್ಲಿರುವ ಮೊಬೈಲಿಗೆ ದಿನವೂ ಬರುತ್ತಿದೆಯಾದರೂ ಅದರ ಧಾಟಿ ಬದಲಾಗಿಲ್ಲ.

ಹುದ್ದೆಯೇ ವಾರ್ತೆಯಾದುದಕ್ಕೆ ನಮ್ಮಲ್ಲಿ ಕಾರಣವಿಲ್ಲದಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಜುಲೈ 27ರಂದು ಸ್ಥಾಪಿತವಾದಾಗ ಅದರ ಆಶ್ರಯದಲ್ಲಿದ್ದ ಮುಖ್ಯ ಕಾಲೇಜುಗಳು ಎರಡು: ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಪದವೀಧರರು ಬೆರಳೆಣಿಕೆಯವರು. ಬಿ.ಎ. ಎಂದರೆ ಸಂಸ್ಥಾನದ ಸರ್ಕಾರಿ ನೌಕರಿ, ನೌಕರಿಯೆಂದರೆ ಒಂದು ಮನೆತನದ ಅನ್ನ. ಮಗನ ಓದಿಗಾಗಿ ಹೊಲವನ್ನು ಒತ್ತೆಯಿಟ್ಟ ತಂದೆಗೆ ‘ಅಮಲ್ದಾರರಾಗಿ ನೇಮಕಗೊಂಡಿದ್ದಾರೆ’ ಎಂಬ ಸಾಲು ಕಾವ್ಯಕ್ಕಿಂತ ಮಧುರವಾಗಿ ಕೇಳಿಸಿದರೆ ಅದನ್ನು ಹಾಸ್ಯ ಮಾಡುವುದು ಸಲ್ಲದು. ಆದರೆ ಹೊಲ ಬಿಡಿಸಿಕೊಂಡು ಎರಡು ತಲೆಮಾರು ಕಳೆದ ಮೇಲೂ ಅದೇ ಅಳತೆಗೋಲನ್ನು ಹಿಡಿದುಕೊಂಡಿರಬೇಕೇ ಎಂಬುದು ಪ್ರಶ್ನೆ. ಇದೇ ವಿಶ್ವವಿದ್ಯಾನಿಲಯದ ಕೆಲವರು ವಿದ್ಯಾರ್ಥಿಗಳ ಮೇಲೆ ಆ ಕೋಲನ್ನು ಇಟ್ಟು ನೋಡಬಹುದು.

ಶ್ರೀ ಆರ್. ಕೆ. ನಾರಾಯಣ್ ಅವರು ಮಹಾರಾಜಾ ಕಾಲೇಜಿನಿಂದ ಬಿ.ಎ. ಪಡೆದದ್ದು 1930ರಲ್ಲಿ. ತಂದೆ ಮುಖ್ಯೋಪಾಧ್ಯಾಯರು, ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕುಳಿತವರು, ಪದವಿಗೂ ಒಂದು ವರ್ಷ ಹೆಚ್ಚು ತೆಗೆದುಕೊಂಡವರು. ಪದವಿಯಾದ ಮೇಲೆ ಚನ್ನಪಟ್ಟಣದಲ್ಲಿ ಉಪಾಧ್ಯಾಯರಾಗಿ ಸೇರಿ, ಕೆಲವೇ ದಿನಗಳಲ್ಲಿ ಬಿಟ್ಟುಬಂದರು. ಆ ವರ್ಷಗಳ ಸಂಚಿಕೆಗೆ ಅವರು ತಮ್ಮ ವಾರ್ತೆಯನ್ನು ಕಳುಹಿಸಬೇಕಾಗಿದ್ದರೆ ಏನೆಂದು ಕಳುಹಿಸಬೇಕಾಗಿತ್ತು? ‘ಮನೆಯಲ್ಲಿದ್ದಾರೆ’ ಎಂದೇ? ಮನೆಯಲ್ಲಿ ಕುಳಿತು ಅವರು ಕಟ್ಟುತ್ತಿದ್ದ ಮಾಲ್ಗುಡಿ ಎಂಬ ಊರು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಮೂಲಕ 1935ರಲ್ಲಿ ಲೋಕದ ಕಣ್ಣಿಗೆ ಬಿದ್ದಿತು. 1939ರಲ್ಲಿ ಅವರ ಪತ್ನಿ ತೀರಿಕೊಂಡರು. ಆ ದುಃಖದಿಂದ ಹುಟ್ಟಿದ ‘ದಿ ಇಂಗ್ಲಿಷ್ ಟೀಚರ್’ 1945ರಲ್ಲಿ ಬಂದಿತು. ಇವೆರಡಕ್ಕೂ ವಾರ್ತೆಯ ಅಂಕಣದಲ್ಲಿ ಮನೆಯಿಲ್ಲ.

ಇದಕ್ಕೆ ತೀರ ವಿರುದ್ಧವಾಗಿ, ಅಂಕಣದಲ್ಲಿ ಹಿಡಿಸಲಾರದಷ್ಟು ಹುದ್ದೆಗಳಿದ್ದವರು ಸಮಾಜಶಾಸ್ತ್ರಜ್ಞ ಶ್ರೀ ಎಂ. ಎನ್. ಶ್ರೀನಿವಾಸ್. ಮಹಾರಾಜಾ ಕಾಲೇಜಿನಲ್ಲಿ ಆನರ್ಸ್ ಮುಗಿಸಿದ ಮೇಲೆ ಮುಂಬಯಿ, ಅನಂತರ ಆಕ್ಸ್‌ಫರ್ಡ್. 1951ರಲ್ಲಿ ಬರೋಡಾದಲ್ಲಿ, 1959ರಲ್ಲಿ ದೆಹಲಿಯಲ್ಲಿ ಪ್ರಾಧ್ಯಾಪಕತ್ವ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದು ಉನ್ನತ ಅಧ್ಯಯನ ಕೇಂದ್ರಕ್ಕೆ ಆಹ್ವಾನ. ಯಾವ ಸಂಪಾದಕನಾದರೂ ಹಿಗ್ಗಿ ಅಚ್ಚು ಹಾಕುವಂಥ ಸಾಲುಗಳು. ಆದರೆ ಆ ಬಾಳಿನ ನಿಜವಾದ ವಾರ್ತೆ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಬಂದಿತು. ಕೇಂದ್ರಕ್ಕೆ ಬೆಂಕಿ ಬಿದ್ದಿತು. ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ 1948ರಲ್ಲಿ ಇದ್ದು ಸಂಗ್ರಹಿಸಿ, ವರ್ಷಗಟ್ಟಲೆ ವಿಂಗಡಿಸಿ ಬೆಳೆಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಒಂದೇ ಕಟ್ಟಡದಲ್ಲಿದ್ದುವು, ಮೂರೂ ಸುಟ್ಟುಹೋದುವು. ನೆನಪಿನಿಂದಲೇ ಬರೆಯಿರಿ ಎಂದು ಸೋಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಧೈರ್ಯ ಹೇಳಿದರು. ಆರು ವರ್ಷಗಳ ಮೇಲೆ, 1976ರಲ್ಲಿ, ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂದಿತು. ಪುಸ್ತಕದ ಹೆಸರಿನಲ್ಲಿಯೇ ಆ ಬೆಂಕಿಯ ಗುರುತಿದೆ. ಅದರಲ್ಲಿ ‘ರಾಂಪುರ’ವೆಂದು ಕರೆಸಿಕೊಂಡಿರುವ ಆ ಊರಿನ ಗೌಡರು, ಮಾವಿನ ತೋಪು, ಜಗಳಗಳು ಇವೆಲ್ಲ ಕಾಗದದಲ್ಲಿ ಬೂದಿಯಾಗಿ, ಮನಸ್ಸಿನಲ್ಲಿ ಉಳಿದಿದ್ದುವು. ಬಡ್ತಿಯನ್ನು ತಿಳಿಸುವ ಪುಟವು ಇಂಥ ನಷ್ಟವನ್ನು ತಿಳಿಸುವುದಿಲ್ಲ. ತಿಳಿಸಿದ್ದರೆ ಓದಿದ ಹಳೆಯ ಗೆಳೆಯರಲ್ಲಿ ಒಬ್ಬಿಬ್ಬರಾದರೂ ಅಂದು ಕಾಗದ ಬರೆಯುತ್ತಿದ್ದರು.

ಶ್ರೀ ಎ. ಕೆ. ರಾಮಾನುಜನ್ ಅವರ ಹೆಸರಿನ ಮುಂದೆ 1955ರಲ್ಲಿ ‘ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕರು’ ಎಂದಷ್ಟೇ ಬರೆಯಬಹುದಾಗಿತ್ತು. ಆ ಉಪನ್ಯಾಸಕರು ಪಾಠ ಮುಗಿದ ಮೇಲೆ ಗಾದೆಗಳನ್ನೂ ಹೆಂಗಸರು ಅಡಿಗೆಮನೆಯಲ್ಲಿ ಹೇಳುವ ಕತೆಗಳನ್ನೂ ಕೂಡಿಹಾಕುತ್ತಿದ್ದರು. ಹಾಗೆ ಕನ್ನಡನಾಡಿನಲ್ಲಿ ದೊರೆತ ಒಂದು ಕತೆ, ಹೂವಿನ ಮರವಾಗಬಲ್ಲ ಹುಡುಗಿಯದು, 2006ರಲ್ಲಿ ವಿಯೆನ್ನಾ ನಗರದಲ್ಲಿ ಸಂಗೀತನಾಟಕವಾಯಿತು. ರಾಮಾನುಜನ್ ಅವರು ತೀರಿಕೊಂಡು ಆಗಲೇ 13 ವರ್ಷಗಳಾಗಿದ್ದುವು.

ಇನ್ನು ಹೆಣ್ಣುಮಕ್ಕಳ ಮಾತು. ವಾರ್ತೆಯ ಪುಟಗಳಲ್ಲಿ ಅವರು ಕಾಣಿಸಿಕೊಳ್ಳುತ್ತಿದ್ದುದು ‘ವಿವಾಹ’ ಎಂಬ ತಲೆಬರಹದ ಅಡಿಯಲ್ಲಿ, ಒಂದೇ ಒಂದು ಸಲ. ಆಮೇಲೆ ಹೆಸರಿನ ಮುಂದಿನ ಅಕ್ಷರಗಳು ಬದಲಾಗುತ್ತವೆ, ಊರು ಬದಲಾಗುತ್ತದೆ. ತೌರುಮನೆಯ ವಿಳಾಸಕ್ಕೆ ಹೋದ ಸಂಚಿಕೆ ‘ಇಲ್ಲಿಲ್ಲ’ ಎಂಬ ಷರಾ ಹೊತ್ತು ಹಿಂದಿರುಗುತ್ತದೆ. ಕಾರ್ಯದರ್ಶಿಗಳು ಪಟ್ಟಿಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ಶ್ರೀಮತಿ ರಾಜೇಶ್ವರಿ ಚಟರ್ಜಿಯವರನ್ನೇ ನೋಡಬಹುದು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಮತ್ತು ಗಂಡನಿಂದ ದೂರವಾದ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಇಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಪಡೆದದ್ದು 1953ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕವರ್ಗವನ್ನು ಸೇರಿದ್ದೂ ಆ ವರ್ಷವೇ, ಮದುವೆಯಾದದ್ದೂ ಆ ವರ್ಷವೇ. ಆ ಕಾಲದ ಸಂಪಾದಕನೊಬ್ಬನಿಗೆ ಈ ಮೂರರಲ್ಲಿ ಒಂದಕ್ಕೆ ಮಾತ್ರ ಸ್ಥಳವಿದ್ದಿದ್ದರೆ ಅವನು ಯಾವುದನ್ನು ಆರಿಸುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಮೈಕ್ರೋವೇವ್ ಮತ್ತು ಆಂಟೆನಾಗಳ ವಿಷಯದಲ್ಲಿ ದಂಪತಿಗಳಿಬ್ಬರೂ ಕೂಡಿ ನಡೆಸಿದ ಸಂಶೋಧನೆಯನ್ನು ‘ವಿವಾಹ’ದ ಅಡಿಯಲ್ಲಿ ಹಾಕುವಂತೆಯೂ ಇಲ್ಲ.

ಹಳೆಯ ವಿದ್ಯಾರ್ಥಿಯ ವಾರ್ತೆ ನಿಜವಾಗಿ ಸಲ್ಲಬೇಕಾದದ್ದು ಯಾರಿಗೆ? ಸಂಘಕ್ಕೆ ಅದು ದಾಖಲೆ, ಗೆಳೆಯರಿಗೆ ಕುತೂಹಲ. ಪಾಠ ಹೇಳಿದವರಿಗೆ ಮಾತ್ರ ಅದು ಬೇರೆ ಬಗೆಯದು. ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ 1927ರಲ್ಲಿ ಆರಂಭವಾದಾಗ ಪಾಠ ಹೇಳಿದವರಲ್ಲಿ ಪ್ರಮುಖರು ಶ್ರೀ ಟಿ. ಎಸ್. ವೆಂಕಣ್ಣಯ್ಯನವರು, ಕೇಳಿದವರಲ್ಲಿ ಶ್ರೀ ಕೆ. ವಿ. ಪುಟ್ಟಪ್ಪನವರೂ ಶ್ರೀ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಪುಟ್ಟಪ್ಪನವರ ಹುದ್ದೆಗಳ ಸಾಲು ಯಾವ ಸಂಚಿಕೆಗೂ ಭೂಷಣವೇ: 1929ರಲ್ಲಿ ಅಧ್ಯಾಪಕರು, 1955ರಲ್ಲಿ ಪ್ರಾಂಶುಪಾಲರು, 1956ರಲ್ಲಿ ತಾವು ಓದಿದ ವಿಶ್ವವಿದ್ಯಾನಿಲಯಕ್ಕೇ ಉಪಕುಲಪತಿಗಳು, 1960ರಲ್ಲಿ ನಿವೃತ್ತರು. ‘ನಿವೃತ್ತರು’ ಎಂಬಲ್ಲಿಗೆ ಅಂಕಣ ಮುಗಿಯುತ್ತದೆ. ಕವಿಯು ಅಲ್ಲಿಗೆ ಮುಗಿಸಲಿಲ್ಲ. ‘ಮಲೆಗಳಲ್ಲಿ ಮದುಮಗಳು’ ಹೊರಬಂದದ್ದು 1967ರಲ್ಲಿ. ಈ ಏಳಿಗೆಯನ್ನು ನೋಡಿ ಸಂತೋಷಪಡಬೇಕಾಗಿದ್ದ ವೆಂಕಣ್ಣಯ್ಯನವರು 1939ರಲ್ಲಿಯೇ ತೀರಿಕೊಂಡಿದ್ದರು. ಹತ್ತು ವರ್ಷಗಳ ಮೇಲೆ, 1949ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾದಾಗ ಅದು ಅವರಿಗೆ ಅರ್ಪಿತವಾಗಿತ್ತು. ಹೊತ್ತ ಕೆಲಸವನ್ನು ಮುಗಿಸಿ ತಂದಿದ್ದೇನೆಂದು ಗುರುವಿಗೆ ಒಪ್ಪಿಸುವ ಮಾತೇ ಆ ಅರ್ಪಣೆ. ವಿದ್ಯಾರ್ಥಿ ತನ್ನ ಸಮಾಚಾರವನ್ನು ಕಳುಹಿಸಿದ್ದನು, ತೆಗೆದುಕೊಳ್ಳುವವರು ಇರಲಿಲ್ಲ. ನರಸಿಂಹಾಚಾರ್ಯರು ಸದ್ದಿಲ್ಲದೆ ಓಲೆಗರಿಗಳ ನಡುವೆ ಬಾಳಿದರು. ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಇಂದಿಗೂ ಪ್ರತಿಯೊಬ್ಬ ಸಂಶೋಧಕನೂ ಒಮ್ಮೆ ತೆರೆಯಲೇಬೇಕು.

ಇವರೆಲ್ಲ ಹೆಸರಾದವರು, ಇವರ ವಿಷಯ ಸಂಚಿಕೆ ಮರೆತರೂ ನಾಡು ಮರೆಯದು. ವಾರ್ತೆಯೇ ಬಾರದವರ ಸಂಖ್ಯೆ ಎಲ್ಲ ವರ್ಷಗಳಲ್ಲಿಯೂ ಹೆಚ್ಚು. ಮೂರನೆಯ ಸಲವೂ ಪರೀಕ್ಷೆಯಲ್ಲಿ ಸೋತು ಊರಿಗೆ ಹೋಗಿ ಅಂಗಡಿಯಿಟ್ಟವರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ಹೊರಬಂದವರು, ಹೋಬಳಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವ್ಯಾಕರಣ ಹೇಳಿದವರು. ಸಂಘದಿಂದ ಕಾಗದ ಹೋದರೆ ‘ಬರೆಯುವಂಥದ್ದು ಏನೂ ಇಲ್ಲ’ ಎಂಬುದೇ ಉತ್ತರ. ಇಲ್ಲವೆ ಉತ್ತರವೇ ಇಲ್ಲ. ಇದು ವಿನಯವಲ್ಲ. ಕೇಳಿದ ಪ್ರಶ್ನೆಯೇ ‘ಈಗ ಯಾವ ಹುದ್ದೆಯಲ್ಲಿದ್ದೀರಿ?’ ಎಂದಾದರೆ, ಹೇಳಲು ಹುದ್ದೆಯಿಲ್ಲದವನು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಹತ್ತು ವರ್ಷ ಹೀಗಾದರೆ ಸಂಘದ ವಾರ್ಷಿಕ ಭೋಜನಕ್ಕೆ ಉಳಿಯುವವರು ಗೆದ್ದವರು ಮಾತ್ರ. ಗೆದ್ದವರೇ ತುಂಬಿದ ಪಂಕ್ತಿಯಲ್ಲಿ ಮಾತು ಬಲು ಬೇಗ ನೀರಸವಾಗುತ್ತದೆಂಬುದನ್ನು ಅಂಥ ಊಟ ಮಾಡಿದವರು ಬಲ್ಲರು. ನಮೂನೆಯ ಕಾಗದದಲ್ಲಿ ಹುದ್ದೆಯ ಪ್ರಶ್ನೆಯನ್ನು ಕೊನೆಗೆ ತಳ್ಳಿ, ‘ನಿಮ್ಮ ತರಗತಿಯವರಲ್ಲಿ ಯಾರನ್ನು ಈಚೆಗೆ ಕಂಡಿರಿ, ಅವರು ಹೇಗಿದ್ದಾರೆ?’ ಎಂದು ಮೊದಲು ಕೇಳಿದರೆ ಸಾಕು. ತನ್ನ ವಿಷಯ ಬರೆಯಲು ಸಂಕೋಚಪಡುವವನು ಗೆಳೆಯನ ವಿಷಯವನ್ನು ಎರಡು ಪುಟ ಬರೆಯುತ್ತಾನೆ.

ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳ ಪತ್ರಿಕೆಗಳಲ್ಲಿ ಈ ಕೆಲಸಕ್ಕೆ ಪ್ರತಿಯೊಂದು ವರ್ಷದ ತರಗತಿಗೂ ಒಬ್ಬ ಕಾರ್ಯದರ್ಶಿ ಇರುತ್ತಾನೆ. ಗೆಳೆಯರಿಂದ ಕಾಗದ ತರಿಸಿ, ಸುದ್ದಿ ಕೂಡಿಸಿ, ತಾನೇ ಬರೆಯುತ್ತಾನೆ. ಅತ್ಯಂತ ಹಳೆಯ ವರ್ಷದವರ ವಾರ್ತೆಯನ್ನು ಮೊದಲು ಅಚ್ಚು ಹಾಕುವ ಪದ್ಧತಿಯೂ ಅಲ್ಲುಂಟು. ವರ್ಷ ಕಳೆದಂತೆ ಒಂದೊಂದು ತರಗತಿಯೂ ಪುಟದಿಂದ ಪುಟಕ್ಕೆ ಮುಂದೆ ಸರಿದು, ಒಂದು ದಿನ ಎಲ್ಲಕ್ಕಿಂತ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಬರೆಯುವವನೂ ಬರೆಸಿಕೊಳ್ಳುವವನೂ ಒಬ್ಬನೇ ಆಗಿರುವುದುಂಟು.

ಮೈಸೂರಿನಲ್ಲಿ ಅಂಥ ಪುಟವೊಂದಿದ್ದಿದ್ದರೆ ಅದರ ಮೊದಲ ಸಾಲಿನಲ್ಲಿ ಬಹುಕಾಲ ಇರುತ್ತಿದ್ದವರು ವೆಂಕಣ್ಣಯ್ಯನವರ ಇನ್ನೊಬ್ಬ ಶಿಷ್ಯರಾದ ಶ್ರೀ ಜಿ. ವೆಂಕಟಸುಬ್ಬಯ್ಯನವರು. ಹುಟ್ಟಿದ್ದು 1913ರಲ್ಲಿ, ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ. ಆ ಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿಯಿತು. 1991ರಿಂದ ‘ಇಗೋ ಕನ್ನಡ’ ಅಂಕಣದಲ್ಲಿ, ಯಾವ ಊರಿನಿಂದ ಯಾರು ಯಾವ ಪದದ ಅರ್ಥ ಕೇಳಿದರೂ ಉತ್ತರ ಹೋಯಿತು. ಅವರು 2021ನೆಯ ಏಪ್ರಿಲ್ 19ರಂದು, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ನಿವೃತ್ತರಾಗಿದ್ದಾರೆ’ ಎಂಬ ಸಾಲಿಗೆ ಆಗ ವಯಸ್ಸು 48 ವರ್ಷ.